ಸಿಟ್ಟು ಕಾಣುತ್ತಿದೆ, ಕಾರಣ ಕಾಣುತ್ತಿಲ್ಲ

ಪ್ರಿಯ ಲೇಖಕರೇ,

ನಮಸ್ಕಾರ. 'ಕರಾಳ ಕಾನೂನಿನ ಕರಿನೆರಳು' ಎಂಬ ನಿಮ್ಮ ಲೇಖನ ಓದಿದೆ. ವಿಚಾರಣೆಯೇ ಇಲ್ಲದೆ ಜೈಲಿನಲ್ಲಿಡುವ ಕಾಯ್ದೆಗಳ ಮೇಲೆ ಜನ ನಂಬಿಕೆ ಕಳೆದುಕೊಂಡಿದ್ದಾರೆ ಅನ್ನುವುದು ನಿಮ್ಮ ವಾದ. ವಿಷಯ ನಮಗೆ ಬೇಕಾದದ್ದೇ. ಆದರೆ ಈಗಿರುವ ಹಾಗೆ ಇದನ್ನು ಅಚ್ಚಿಗೆ ಕಳಿಸಲಾರೆ. ಯಾಕೆ ಅಂತ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟಗಳಲ್ಲಿ ಬರೀ 'ಕರಾಳ', 'ಕ್ರೂರ', 'ದಮನಕಾರಿ'. ಕಾಯ್ದೆ ಏನು ಮಾಡುತ್ತದೆ ಅಂತ ಗೊತ್ತಾಗುವುದು ಮೂರನೇ ಪುಟದಲ್ಲಿ, ಅದೂ ತಪ್ಪಾಗಿ. ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಮತ್ತು ಗೂಂಡಾ ಕಾಯ್ದೆ ಎರಡೂ ಒಂದೇ ಅನ್ನುವಂತೆ ಬರೆದಿದ್ದೀರಿ. ಯುಎಪಿಎಯಲ್ಲಿ ಕೇಸು ಇರುತ್ತದೆ, ಆರೋಪ ಇರುತ್ತದೆ, ಕೋರ್ಟು ಇರುತ್ತದೆ. ಚಾರ್ಜ್‌ಶೀಟ್ ಹಾಕಲು 180 ದಿನದವರೆಗೆ ಸಮಯ ಸಿಗಬಹುದು. 2008ರ ತಿದ್ದುಪಡಿಯ ನಂತರ ಜಾಮೀನು ಬಹಳ ಕಷ್ಟ. ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ. ಗೂಂಡಾ ಕಾಯ್ದೆಯಲ್ಲಿ ವಿಚಾರಣೆಯ ಮಾತೇ ಇಲ್ಲ. ಈ ಮನುಷ್ಯ ಮುಂದೆ ಏನೋ ಮಾಡಬಹುದು ಅಂತ ಜಿಲ್ಲಾಧಿಕಾರಿಗೋ ಪೊಲೀಸ್ ಕಮಿಷನರಿಗೋ ಮನವರಿಕೆಯಾದರೆ ಸಾಕು, ಆದೇಶ ಹೊರಡುತ್ತದೆ. ನಮ್ಮ ರಾಜ್ಯದ 1985ರ ಕಾಯ್ದೆ ಪ್ರಕಾರ 12 ತಿಂಗಳವರೆಗೆ ಒಳಗಿಡಬಹುದು. ಕಾರಣ ಬರೆದುಕೊಡಬೇಕು, ಬಂಧನ ಸರಿಯೇ ಅಂತ ಸಲಹಾ ಮಂಡಳಿ ನೋಡಬೇಕು, ನಿಜ. ಆದರೆ ಮಂಡಳಿಯ ಮುಂದೆ ವಕೀಲರನ್ನು ಕರೆದೊಯ್ಯುವ ಹಕ್ಕಿಲ್ಲ. ಬಹಿರಂಗಪಡಿಸಿದರೆ ಸಾರ್ವಜನಿಕ ಹಿತಕ್ಕೆ ಧಕ್ಕೆ ಅನ್ನಿಸಿದ ಸಂಗತಿಗಳನ್ನು ಅಧಿಕಾರಿಗಳು ಮುಚ್ಚಿಡಬಹುದು. ಅದಕ್ಕೆ ಸಂವಿಧಾನದ 22ನೇ ವಿಧಿಯೇ ಅವಕಾಶ ಕೊಟ್ಟಿದೆ. ಇಷ್ಟನ್ನು ತಣ್ಣಗೆ ಬರೆಯಿರಿ. ಆಮೇಲೆ 'ಕರಾಳ' ಅನ್ನುವುದನ್ನು ಓದುಗರೇ ಹೇಳಿಕೊಳ್ಳುತ್ತಾರೆ.

'ಅನಿರ್ದಿಷ್ಟಾವಧಿ' ಅಂತಲೂ ಪದೇ ಪದೇ ಬರೆದಿದ್ದೀರಿ. ಕಾಗದದಲ್ಲಿ ಮಿತಿ ಇದೆ ಸ್ವಾಮಿ, ಕಾನೂನು ಬಲ್ಲವರು ಅಲ್ಲೇ ನಿಮ್ಮನ್ನು ಹಿಡಿಯುತ್ತಾರೆ. ಮಿತಿ ಹೇಗೆ ಕರಗುತ್ತದೆ ಅನ್ನುವುದನ್ನು ತೋರಿಸಿ. ಜಮ್ಮು-ಕಾಶ್ಮೀರದ ಸಾರ್ವಜನಿಕ ಸುರಕ್ಷತಾ ಕಾಯ್ದೆಯನ್ನೇ ನೋಡಿ. ಒಂದು ಆದೇಶವನ್ನು ಕೋರ್ಟು ರದ್ದು ಮಾಡಿದ ಮೇಲೆ ಅದೇ ವ್ಯಕ್ತಿಯ ಮೇಲೆ ಇನ್ನೊಂದು ಆದೇಶ ಬಂದದ್ದಿದೆ. 1978ರಲ್ಲಿ ಶೇಖ್ ಅಬ್ದುಲ್ಲಾ ಸರ್ಕಾರ ಅದನ್ನು ತಂದದ್ದು ಮರ ಕಳ್ಳಸಾಗಣೆ ತಡೆಯಲು ಅಂತ ಹೇಳಿ. 2019ರಲ್ಲಿ ಅವರ ಮಗ ಫಾರೂಕ್ ಅಬ್ದುಲ್ಲಾ ಅವರನ್ನೇ ಅದರಡಿ ಬಂಧನದಲ್ಲಿಟ್ಟರು! ಇಂಥ ಸಂಗತಿ ಕೈಯಲ್ಲಿದ್ದರೆ ವಿಶೇಷಣ ಯಾಕೆ ಬೇಕು?

ಈಗ ಮುಖ್ಯ ತಕರಾರು. 'ಜನರಿಗೆ ನಂಬಿಕೆ ಇಲ್ಲ' ಅಂತೀರಿ. ಯಾವ ಜನ? ಊರಿನ ರೌಡಿಯ ಮೇಲೆ ಗೂಂಡಾ ಕಾಯ್ದೆ ಬಿದ್ದರೆ 'ಒಳ್ಳೇದಾಯ್ತು ಬಿಡಿ' ಅನ್ನುವವರೇ ಜಾಸ್ತಿ, ಅಲ್ವಾ? ಅವರನ್ನು ನೀವು ಲೇಖನದೊಳಗೆ ಬಿಟ್ಟುಕೊಂಡೇ ಇಲ್ಲ. ಈಗಾಗಲೇ ನಿಮ್ಮ ಮಾತು ಒಪ್ಪುವವರಿಗಷ್ಟೇ ಬರೆದಂತಿದೆ. ಆ ಒಪ್ಪದ ಓದುಗನಿಗೆ ಹೇಳಬೇಕಾದದ್ದು ಒಂದೇ: ಕಾಯ್ದೆ ತರುವಾಗ ಸರ್ಕಾರ ಕೊಟ್ಟ ಮಾತು ಏನು, ಆಮೇಲೆ ಆದದ್ದು ಏನು.

1950ರಲ್ಲಿ ಸರ್ದಾರ್ ಪಟೇಲರು ಮುಂಜಾಗ್ರತಾ ಬಂಧನ ಕಾಯ್ದೆ ತಂದಾಗ ಅದರ ಆಯಸ್ಸು ಒಂದೇ ವರ್ಷ. ಈ ಮಸೂದೆ ತನ್ನ ನಿದ್ದೆಗೆಡಿಸಿತ್ತು ಅಂತ ಅವರೇ ಹೇಳಿದ್ದರು. ವಿಸ್ತರಿಸುತ್ತಾ ವಿಸ್ತರಿಸುತ್ತಾ ಅದು 1969ರ ಕೊನೆಯವರೆಗೂ ಬದುಕಿತು. 1971ರಲ್ಲಿ ಮೀಸಾ, ಅಂದರೆ ಆಂತರಿಕ ಭದ್ರತಾ ಕಾಯ್ದೆ ಬಂತು. ತುರ್ತು ಪರಿಸ್ಥಿತಿಯಲ್ಲಿ ಮೀಸಾದಡಿ ಒಳಗೆ ಹೋದವರು ಸುಮಾರು 35 ಸಾವಿರ ಜನ ಅಂತ ಆಮೇಲೆ ತನಿಖೆ ನಡೆಸಿದ ಶಾ ಆಯೋಗ ಲೆಕ್ಕ ಕೊಟ್ಟಿದೆ. ಜನತಾ ಸರ್ಕಾರ ಮೀಸಾವನ್ನು ತೆಗೆಯಿತು. 1978ರ 44ನೇ ತಿದ್ದುಪಡಿಯಲ್ಲಿ, ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಒಳಗಿಡುವ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸಿತು. ಸಂಸತ್ತು ಒಪ್ಪಿತು, ರಾಷ್ಟ್ರಪತಿಗಳ ಸಹಿಯೂ ಬಿತ್ತು. ಆ ಭಾಗವನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ಇವತ್ತಿಗೂ ಹೊರಟಿಲ್ಲ. ಎಷ್ಟು ಸರ್ಕಾರಗಳು ಬಂದುಹೋದವು, ಯಾವ ಪಕ್ಷವೂ ಮುಟ್ಟಲಿಲ್ಲ. ಅಪನಂಬಿಕೆಗೆ ಇದಕ್ಕಿಂತ ಗಟ್ಟಿ ಪುರಾವೆ ನನಗೆ ಗೊತ್ತಿಲ್ಲ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಕೋರ್ಟಿನ ಭಾಗವನ್ನು ಸ್ವಲ್ಪ ಬೆಳೆಸಿ. ಅದು ತುರ್ತು ಪರಿಸ್ಥಿತಿಯಲ್ಲಿ ನಮ್ಮ ಅಂಗಳದಲ್ಲೇ ನಡೆದ ಕಥೆ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿಯ ಸಭೆಗೆ ಬಂದವರು ಬೆಂಗಳೂರಿನಲ್ಲೇ ಬಂಧನಕ್ಕೊಳಗಾದರು. ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು 4-1ರಲ್ಲಿ ಅದನ್ನೆಲ್ಲ ತಳ್ಳಿಹಾಕಿತು. ಒಪ್ಪದ ಒಬ್ಬ ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಅವರನ್ನು ದಾಟಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ, ಖಾಸಗಿತನದ ಕೇಸಿನಲ್ಲಿ. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನೀವು ಇದನ್ನೆಲ್ಲ 'ನ್ಯಾಯಾಂಗವೂ ಕೈಚೆಲ್ಲಿತು' ಅಂತ ಎರಡೇ ಪದದಲ್ಲಿ ಮುಗಿಸಿದ್ದೀರಿ.

ಮೆಚ್ಚಿದ್ದೂ ಇದೆ. ನಟಿ ಸ್ನೇಹಲತಾ ರೆಡ್ಡಿ ಬಗ್ಗೆ ಬರೆದ ಪ್ಯಾರಾ ಚೆನ್ನಾಗಿದೆ. ಅಸ್ತಮಾ ಇದ್ದ ಅವರು ತುರ್ತು ಪರಿಸ್ಥಿತಿಯಲ್ಲಿ, ಇಂದು ಫ್ರೀಡಂ ಪಾರ್ಕ್ ಆಗಿರುವ ಬೆಂಗಳೂರಿನ ಹಳೆಯ ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದದ್ದು, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಕ್ಕೆ ತೀರಿಕೊಂಡದ್ದು, ಎಲ್ಲ ಸರಳವಾಗಿ ಬಂದಿದೆ. ಅಲ್ಲಿ ನೀವು ಕೂಗಿಲ್ಲ. ಕೊನೆಗೆ ಸುಮ್ನೆ ಅಂಟಿಸಿದ 'ಓ ತಾಯೇ' ಎಂಬ ಸಾಲನ್ನು ಮಾತ್ರ ಹೊಡೆದುಹಾಕಿ.

ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ. ಶೀರ್ಷಿಕೆ ಬದಲಿಸಿ. ಕವನದ ಉದ್ಧರಣೆ ಬೇಡ. ಇನ್ನೊಂದು ಮಾತು, ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರಿಂದ ನಿಮ್ಮ ಒತ್ತಕ್ಷರಗಳೆಲ್ಲ ಇಲ್ಲಿ ಚೆಲ್ಲಾಪಿಲ್ಲಿಯಾಗಿವೆ. ಈ ಸಲ ಯೂನಿಕೋಡ್‌ನಲ್ಲೇ ಕಳಿಸಿ.

ಇಂತಿ,
ಸಂಪಾದಕ