ಇಸ್ಪೀಟ್ ಎಲೆಯಿಂದ ಬಣ್ಣ ಏಳುತ್ತಿದ್ದರೆ

ಕೊಲಾಜ್‌ಗೆಂದು ಇಸ್ಪೀಟ್ ಎಲೆಗೆ ಹಚ್ಚಿದ ಅಕ್ರಿಲಿಕ್ ಬಣ್ಣ ಸಿಪ್ಪೆ ಥರ ಏಳುತ್ತಿದೆ, ಅಂಟೂ ಹಿಡಿಯುತ್ತಿಲ್ಲ ಅಂತ ಕೇಳಿದ್ದೀರಿ. ತಪ್ಪು ಬಣ್ಣದ್ದಲ್ಲ, ಎಲೆಯ ಮೇಲಿರುವ ನುಣುಪು ಲೇಪದ್ದು.

ಮೊದಲು ಬೇಡದ ಒಂದು ಎಲೆ ಹರಿದು ನೋಡಿ. ಅಂಚಿನಲ್ಲಿ ಕಾಗದದ ನಾರು ಕಂಡರೆ ಸರಿ. ಪೂರ್ತಿ ಪ್ಲಾಸ್ಟಿಕ್ ಆಗಿದ್ದರೆ ಸುಮ್ನೆ ಆಟಕ್ಕೇ ಬಿಟ್ಟುಬಿಡಿ.

ಕಾಗದದ ಎಲೆಯನ್ನು 220 ನಂಬರಿನ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ. ಹೊಳಪು ಹೋಗಿ ಮಂಕಾದರೆ ಸಾಕು. ಮೂಲೆಗಳನ್ನು ಮರೆಯಬೇಡಿ, ಬಣ್ಣ ಏಳಲು ಶುರುವಾಗುವುದೇ ಅಲ್ಲಿಂದ. ಪುಡಿ ಒರೆಸಿ, ಜೆಸ್ಸೊ (ಬಣ್ಣ ಚೆನ್ನಾಗಿ ಹಿಡಿಯಲೆಂದು ಅದಕ್ಕೂ ಮೊದಲು ಹಚ್ಚುವ ಪ್ರೈಮರ್) ತೆಳ್ಳಗೆ ಎರಡು ಸಲ ಹಚ್ಚಿ. ಮೊದಲ ಪದರ ಚೆನ್ನಾಗಿ ಒಣಗಿದ ಮೇಲೆಯೇ ಎರಡನೆಯದು. ರಾಜ, ರಾಣಿಯ ಮುಖ ಕಾಣಬೇಕು ಅಂದರೆ ಬಿಳಿಯದರ ಬದಲು ಪಾರದರ್ಶಕ ಜೆಸ್ಸೊ ಬಳಸಿ.

ಒಂದೇ ಬದಿಗೆ ಹಚ್ಚಿದರೆ ಎಲೆ ದೋಣಿಯಂತೆ ಬಾಗುತ್ತದೆ. ನಾನು ಅವಸರ ಮಾಡಿ ಅರ್ಧ ಕಟ್ಟು ಹಾಗೇ ಹಾಳು ಮಾಡಿಕೊಂಡಿದ್ದೇನೆ. ಹಿಂಬದಿಗೂ ಒಂದು ಪದರ ಕೊಡಿ. ಪೂರ್ತಿ ಒಣಗಿದ ಮೇಲೆ ಬೇಕಿಂಗ್ ಪೇಪರ್ ನಡುವೆ ಇಟ್ಟು, ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಬಿಡಿ.

ಪುಸ್ತಕದ ಪುಟಕ್ಕೆ ಅಂಟಿಸುವುದಾದರೆ ಎಲೆ ಜಾಸ್ತಿ ದಪ್ಪ ಅನ್ನಿಸಬಹುದು. ಆಗ ಉಜ್ಜುವ ಮೊದಲೇ ಬೆಚ್ಚನೆ ನೀರಿನಲ್ಲಿ ನೆನೆಸಿ. ಹೆಚ್ಚಿನ ಕಾಗದದ ಎಲೆಗಳು ಎರಡು ಹಾಳೆ ಅಂಟಿಸಿ ಮಾಡಿದವು, ನಿಧಾನಕ್ಕೆ ಬಿಡಿಸಿದರೆ ಬೇರೆಯಾಗುತ್ತವೆ.