ಪಹಣಿ ಇಲ್ಲದವರಿಗೆ ಶ್ಯೂರಿಟಿ ಯಾರು?

ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: 'ಬಡ ಕೈದಿಗಳ ಜಾಮೀನಿಗೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ದುಡ್ಡು ಕೊಡುತ್ತದಂತೆ. ನಮ್ಮ ಠಾಣೆಯ ಜೀಪು ತಳ್ಳಿದರೂ ಓಡಲ್ಲ. ಆ ದುಡ್ಡನ್ನು ಇಲ್ಲಿಗೆ ಕೊಡಬಾರದೇ? ನಮ್ಮ ತೆರಿಗೆಯಲ್ಲಿ ಕಳ್ಳರನ್ನು ಬಿಡಿಸಬೇಕೇ?'

ಮೇಷ್ಟ್ರೇ, ಠಾಣೆಗೆ ಜೀಪು ಬೇಕು, ಒಪ್ಪಿದೆ. ಆದರೆ 'ಕಳ್ಳರು' ಅನ್ನೋ ಮಾತು ನಿಮ್ಮಿಂದ ಬರಬಾರದಿತ್ತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅವರ ಮೇಲಿನ ಕೇಸು ಇನ್ನೂ ಮುಗಿದಿಲ್ಲ. ಇವರಲ್ಲೂ ಈ ಯೋಜನೆ ನೋಡುವುದಂತೂ, ಕೋರ್ಟೇ ಜಾಮೀನು ಕೊಟ್ಟರೂ ದುಡ್ಡಿಲ್ಲದೆ ಒಳಗೇ ಉಳಿದವರನ್ನು.

ನಾನು ಹುಡುಗನಾಗಿದ್ದಾಗ ಅಪ್ಪ ನಮ್ಮ ಹೊಲದ ಆಳಿನ ಮಗನ ಜಾಮೀನಿಗೆ ಶ್ಯೂರಿಟಿ, ಅಂದರೆ ಹೊಣೆ, ನಿಂತರು. ಜಮೀನಿನ ಪಹಣಿ ಹಿಡಿದು ಮೂರು ದಿನ ಕೋರ್ಟಿಗೆ ಅಲೆದರು. ನಾಲ್ಕನೇ ದಿನ ಹುಡುಗ ಮನೆಗೆ ಬಂದ. ಅವನ ತಾಯಿ ನಮ್ಮ ಜಗಲಿಯಲ್ಲಿ ಕೂತು ಅತ್ತಿದ್ದು ಇವತ್ತಿಗೂ ಕಣ್ಣಮುಂದಿದೆ. ಅಪ್ಪನ ಹೆಸರಲ್ಲಿ ಎರಡು ಎಕರೆ ಇಲ್ಲದಿದ್ದರೆ ಆ ಹುಡುಗನ ಗತಿ?

ಮಧ್ಯಪ್ರದೇಶದ ಮೋತಿ ರಾಮ್ ಪ್ರಕರಣ ಓದಿ ಮೇಷ್ಟ್ರೇ. ಗಾರೆ ಕೆಲಸದವರು. ಮ್ಯಾಜಿಸ್ಟ್ರೇಟರು ಕೇಳಿದ್ದು ಹತ್ತು ಸಾವಿರದ ಶ್ಯೂರಿಟಿ. ಸಹೋದರ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಇದು ಸರಿಯಲ್ಲ ಅಂತ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದ್ದು 1978ರಲ್ಲಿ. ಜಾಮೀನಿಗೆ ಸರ್ಕಾರದ ದುಡ್ಡು ಬಂದಿದ್ದು 2023ರ ಬಜೆಟ್ಟಿನಲ್ಲಿ! 2023ರ ನಿಯಮದಂತೆ ವಿಚಾರಣಾಧೀನರ ಜಾಮೀನಿಗೆ 40 ಸಾವಿರದವರೆಗೆ, ಶಿಕ್ಷೆಯಾದವರ ದಂಡಕ್ಕೆ 25 ಸಾವಿರದವರೆಗೆ. ಇಡೀ ದೇಶಕ್ಕೆ ವರ್ಷಕ್ಕೆ 20 ಕೋಟಿ.

ಬೆಂಗಳೂರು ಒಂದರ ಸೇಫ್ ಸಿಟಿ ಯೋಜನೆಗೆ, ಅಂದರೆ ಕ್ಯಾಮೆರಾ ಮುಂತಾದವಕ್ಕೆ, 667 ಕೋಟಿ. ಕ್ಯಾಮೆರಾ ಬೇಡ ಅನ್ನುತ್ತಿಲ್ಲ. ಆದರೆ ಆ 20 ಕೋಟಿಯನ್ನೂ ಎಷ್ಟೋ ರಾಜ್ಯಗಳು ಸರಿಯಾಗಿ ಬಳಸಲಿಲ್ಲ. ಅರ್ಹ ಕೈದಿಗಳನ್ನು ಗುರುತಿಸಿ ಅಂತ ಗೃಹ ಸಚಿವಾಲಯವೇ ಮತ್ತೆ ಮತ್ತೆ ಪತ್ರ ಬರೆಯಬೇಕಾಯಿತು. ಜೀಪಿಗೆ ಹಸಿರು ಬಾವುಟ ತೋರಿಸಬಹುದು, ಫೋಟೋ ಬರುತ್ತದೆ. ಜೈಲಿನಿಂದ ಹೊರಬಂದ ಕೂಲಿಯವನ ಪಕ್ಕ ನಿಂತು ಯಾವ ಮಂತ್ರಿ ಫೋಟೋ ತೆಗೆಸಿಕೊಳ್ಳುತ್ತಾರೆ? ನಮ್ಮಲ್ಲಿ ಕಣ್ಣಿಗೆ ಕಾಣುವ ಕೆಲಸಕ್ಕೇ ದುಡ್ಡು ಜಾಸ್ತಿ. ಶಾಲೆಗೆ ಕಾಂಪೌಂಡ್ ಬರುತ್ತದೆ, ಮೇಷ್ಟ್ರು ಬರಲ್ಲ. ಇದು ನಿಮಗೆ ಗೊತ್ತಿಲ್ಲದ್ದಾ?

ಜಾಮೀನು ಸಿಕ್ಕಿ ಏಳು ದಿನವಾದರೂ ಕೈದಿ ಹೊರಬರದಿದ್ದರೆ ಜೈಲಿನವರು ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅನ್ನುತ್ತದೆ ನಿಯಮ. ನಿಮಗೆ ಬಿಡುವಿದೆ, ನಿಮ್ಮ ಮಾತಿಗೆ ತೂಕವೂ ಇದೆ. ಒಮ್ಮೆ ಆ ಪ್ರಾಧಿಕಾರಕ್ಕೆ ಹೋಗಿ, ಈ ವರ್ಷ ಇಂಥ ಎಷ್ಟು ಹೆಸರು ಬಂದಿವೆ ಅಂತ ಕೇಳಿ ಬನ್ನಿ. ಬರೆದು ಕಳಿಸಿ, ಈ ಪುಟದಲ್ಲೇ ಹಾಕುತ್ತೇನೆ.

— ಸಂಪಾದಕ