ಫ್ರಿಜ್ಜಿನೊಳಗೆ ಬೈಕ್ ಕೀ

ಪ್ರಶ್ನೆ: ನನ್ನ ಹತ್ತಿರ ಹಳೆಯ ಡಿಎಸ್‌ಎಲ್‌ಆರ್ ಇದೆ. ಲೆನ್ಸ್ ಅದರ ಜೊತೆಗೇ ಬಂದ 18–55 ಎಂಎಂ. ಹತ್ತು ನಿಮಿಷದ ಕಿರುಚಿತ್ರ ಮಾಡಬೇಕು. ತಾಯಿ, ಮಗ ಇಬ್ಬರದೇ ಕತೆ, ಎಲ್ಲ ನಮ್ಮ ಅಡುಗೆಮನೆಯಲ್ಲೇ. ಕೊನೆಯ ದೃಶ್ಯ ಮಾತ್ರ ಲಾಲ್‌ಬಾಗ್‌ನಲ್ಲಿ. ಕೈಯಲ್ಲಿರುವುದು 10,000 ರೂಪಾಯಿ. 50 ಎಂಎಂ ಲೆನ್ಸ್ ತಗೊಂಡರೆ ಸಿನಿಮಾ ಥರ ಕಾಣುತ್ತದೆ ಅಂತಾರೆ ಗೆಳೆಯರು. ತಗೊಳ್ಳಲಾ?
— ಕಾಲೇಜು ವಿದ್ಯಾರ್ಥಿ, ಹನುಮಂತನಗರ

ಉತ್ತರ: ಈಗ ಬೇಡ. 50 ಎಂಎಂ ಎಫ್ 1.8 ಒಳ್ಳೆಯ ಲೆನ್ಸೇ. ನಿಮ್ಮ ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಎಫ್ 5.6 ಆಗುತ್ತದಲ್ಲ, ಅದಕ್ಕಿಂತ ಹತ್ತಿರಹತ್ತಿರ 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಆದರೆ ಅದಕ್ಕೆ ಕಾಣುವ ಜಾಗ ಕಿರಿದು. ಅಡುಗೆಮನೆಯಲ್ಲಿ ತಾಯಿ, ಮಗ ಇಬ್ಬರೂ ಫ್ರೇಮಿಗೆ ಬರಬೇಕಾದರೆ ನೀವು ಪಕ್ಕದ ಮನೆಯವರ ಕಾಂಪೌಂಡಿನಲ್ಲಿ ನಿಲ್ಲಬೇಕಾಗುತ್ತದೆ! ಅಲ್ಲಿ ಅಗಲಕ್ಕೆ ಕಾಣುವ ನಿಮ್ಮ 18 ಎಂಎಂ ತುದಿಯೇ ಗತಿ.

ದುಡ್ಡನ್ನು ಧ್ವನಿಗೆ ಹಾಕಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಮೊದಲ ಚಿತ್ರವನ್ನು ಚಾಮರಾಜಪೇಟೆಯ ದೊಡ್ಡಮ್ಮನ ಮನೆಯಲ್ಲಿ ಎರಡು ದಿನ ತೆಗೆದೆವು. ಚಿತ್ರ ಚೆನ್ನಾಗಿತ್ತು. ಎಡಿಟಿಂಗ್‌ಗೆ ಕೂತು ಹೆಡ್‌ಫೋನ್ ಹಾಕಿದರೆ, ಮಾತಿನ ಕೆಳಗೆಲ್ಲ ಗುಂಯ್ ಅಂತ ಫ್ರಿಜ್. ಒಂದು ಶಾಟ್‌ನಲ್ಲಿ ಅದು ಓಡುತ್ತಿತ್ತು, ಮುಂದಿನದರಲ್ಲಿ ನಿಂತಿತ್ತು. ಒಂದೊಂದು ಕಟ್‌ಗೂ ಕಿವಿ ಎಡವುತ್ತಿತ್ತು. ಅರ್ಧ ಮಾತು ಕಿತ್ತು ಹಾಕಿದೆ.

ಎರಡನೇ ಚಿತ್ರಕ್ಕೆ ಫ್ರಿಜ್ ಆಫ್ ಮಾಡಿದೆ. ಆನ್ ಮಾಡುವುದನ್ನು ಮರೆತೆ. ಬೆಳಿಗ್ಗೆ ದೋಸೆ ಹಿಟ್ಟು ಉಕ್ಕಿ ಕೆಳಗಿನ ತಟ್ಟೆಗೆಲ್ಲ ಇಳಿದಿತ್ತು. ದೊಡ್ಡಮ್ಮ ಒಂದು ವಾರ ಮಾತಾಡಲಿಲ್ಲ. ಆಮೇಲಿಂದ ಫ್ರಿಜ್ ಆಫ್ ಮಾಡಿದ ಕೂಡಲೇ ಬೈಕ್ ಕೀಯನ್ನು ಅದರೊಳಗೇ ಇಡುತ್ತೇನೆ. ಕೀ ಇಲ್ಲದೆ ಮನೆಗೆ ಹೋಗುವುದು ಹೇಗೆ, ಅಲ್ವಾ?

ಎಸ್‌ಪಿ ರಸ್ತೆಗೆ ಹೋಗಿ ಮೊಬೈಲ್‌ಗೆ ಚುಚ್ಚುವ ಕಾಲರ್ ಮೈಕ್ ಎರಡು ತನ್ನಿ. ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ ಕೇಳಿ ನೋಡಿ. ಚಿತ್ರೀಕರಣದಲ್ಲಿ ನಟರ ಜೇಬಿನಲ್ಲಿ ಒಂದೊಂದು ಫೋನ್ ಇರಲಿ, ಏರೋಪ್ಲೇನ್ ಮೋಡ್‌ನಲ್ಲಿ. ಕ್ಯಾಮೆರಾದ ಮೈಕೂ ಓಡುತ್ತಿರಲಿ. ಪ್ರತಿ ಶಾಟ್‌ನಲ್ಲೂ ಎಲ್ಲ ರೆಕಾರ್ಡ್ ಆಗತೊಡಗಿದ ಮೇಲೆ, ಮಾತಿಗೆ ಮುಂಚೆ, ಒಂದು ಚಪ್ಪಾಳೆ ಹೊಡೆಯಿರಿ. ಎಡಿಟಿಂಗ್‌ನಲ್ಲಿ ಫೋನುಗಳ ಚಪ್ಪಾಳೆ, ಕ್ಯಾಮೆರಾದ ಚಪ್ಪಾಳೆ ಒಂದರ ಕೆಳಗೊಂದು ಕೂರಿಸಿದರೆ ಮಾತು ತುಟಿಗೆ ಸರಿಯಾಗುತ್ತದೆ. ಕೊನೆಗೆ ಎಲ್ಲರೂ ಸುಮ್ನೆ ನಿಂತು ಒಂದು ನಿಮಿಷ ಖಾಲಿ ಕೋಣೆಯ ಸದ್ದನ್ನೂ ಹಿಡಿದುಕೊಳ್ಳಿ. ಕಟ್‌ಗಳ ನಡುವಿನ ಸಂದಿ ತುಂಬಲು ಬೇಕಾಗುತ್ತದೆ. ಭಾನುವಾರ ಬೆಳಕು ಹರಿದ ತಕ್ಷಣ ಶುರು ಮಾಡಿ. ಎಂಟು ದಾಟಿದರೆ ಬೀದಿಯ ಕುಕ್ಕರ್‌ಗಳೆಲ್ಲ ಕೂಗುತ್ತವೆ.

ಬೆಳಕಿಗೆ ಕಿಟಕಿ ಸಾಕು. ನಟರ ಇನ್ನೊಂದು ಪಕ್ಕಕ್ಕೆ ಒಂದು ಬಿಳಿ ಥರ್ಮೋಕೋಲ್ ಶೀಟ್ ಹಿಡಿಯಿರಿ, ಬೆಳಕು ಮುಖಕ್ಕೆ ವಾಪಸ್ ಬೀಳುತ್ತದೆ. ಟ್ಯೂಬ್‌ಲೈಟ್ ಹಾಕಲೇಬೇಕಾದರೆ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಅದರ ತಾಳಕ್ಕೇ ಮಿಣುಕುತ್ತದೆ. 1/60 ಇಟ್ಟರೆ ಚಿತ್ರ ಮಿಣುಕಬಹುದು. ವೈಟ್ ಬ್ಯಾಲೆನ್ಸನ್ನು (ಕ್ಯಾಮೆರಾದ ಬಣ್ಣದ ಸೆಟ್ಟಿಂಗ್) ಆಟೋದಲ್ಲಿ ಬಿಡಬೇಡಿ, ಅಮ್ಮನ ಮುಖ ಶಾಟ್‌ಗೊಂದು ಬಣ್ಣ ಆಗುತ್ತದೆ.

ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯದು. ಅನುಮತಿ ಕೇಳದೆ ಟ್ರೈಪಾಡ್ ನಿಲ್ಲಿಸಿದರೆ ಸೀಟಿ ಊದುತ್ತಾ ಬರುತ್ತಾರೆ. ಆ ದೃಶ್ಯ ನಿಮ್ಮ ತಾರಸಿಗೇ ಬಂದರೆ ಕತೆಗೇನು ನಷ್ಟ? ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ತೆಗೆಯಿರಿ. ತಂತಿಯ ಮೇಲಿನ ಬಟ್ಟೆ ಹಾಗೇ ಇರಲಿ.